ಹುಳುಗಳ ಮೇಷ್ಟ್ರು ಲಾಮಾರ್ಕ್

ಮಕ್ಕಳೇ, ಮಳೆಗಾಲದಲ್ಲಿ ಶಾಲೆಯ ಕಾಂಪೌಂಡ್ ಗೋಡೆಯ ಮೇಲೆ ಬಸವನ ಹುಳು ಹತ್ತುವುದನ್ನು ನೀವು ನೋಡಿದ್ದೀರಿ. ಬೆನ್ನ ಮೇಲೆ ಸುರುಳಿ ಚಿಪ್ಪು, ತಲೆಯ ಮೇಲೆ ಕೊಂಬುಗಳು, ಹಿಂದೆ ಹೊಳೆಯುವ ಲೋಳೆಯ ಗೆರೆ. ಅದೇ ಗೋಡೆಯ ಬುಡದಲ್ಲಿ ಒದ್ದೆ ಎಲೆಗಳನ್ನು ಸರಿಸಿದರೆ ಚಿಪ್ಪೇ ಇಲ್ಲದ ಬಸವನ ಹುಳುವೂ ಸಿಗುತ್ತದೆ. ಇವೆರಡೂ ನೆಂಟರು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಅದೇ ಕೊಂಬು, ಅದೇ ನಡಿಗೆ, ಅದೇ ಲೋಳೆ.

ಈಗ ಸಮುದ್ರದ ನಕ್ಷತ್ರ ಮೀನನ್ನು ನೆನಪಿಸಿಕೊಳ್ಳಿ. ಕರಾವಳಿಯ ಮಕ್ಕಳು ದಡದಲ್ಲಿ ನೋಡಿರುತ್ತೀರಿ, ಉಳಿದವರು ಪುಸ್ತಕದ ಚಿತ್ರದಲ್ಲಿ. ಚಿಪ್ಪಿಲ್ಲದ ಬಸವನ ಹುಳು ಮತ್ತು ನಕ್ಷತ್ರ ಮೀನು ಒಂದೇ ಗುಂಪು, ಚಿಪ್ಪಿರುವ ಬಸವನ ಹುಳು ಮಾತ್ರ ಬೇರೆ ಗುಂಪು ಎಂದು ಯಾರಾದರೂ ಹೇಳಿದರೆ ನೀವು ಒಪ್ಪುತ್ತೀರಾ? ನಗುತ್ತೀರಿ, ಅಲ್ಲವೇ? ಆದರೆ ಸುಮಾರು 250 ವರ್ಷಗಳ ಹಿಂದೆ ಪ್ರಾಣಿಗಳ ಬಗ್ಗೆ ಇದ್ದ ಅತ್ಯಂತ ಹೆಸರುವಾಸಿ ಪುಸ್ತಕದಲ್ಲಿ ಹೀಗೆಯೇ ಇತ್ತು. ಆ ಪುಸ್ತಕ ಬರೆದವನು ಸ್ವೀಡನ್ ದೇಶದ ಕಾರ್ಲ್ ಲಿನೇಯಸ್. ಪ್ರತಿ ಜೀವಿಗೂ ಎರಡು ಪದಗಳ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದ ಮಹಾ ವಿಜ್ಞಾನಿ ಆತ. 1758ರಲ್ಲಿ ಆತ ಎಲ್ಲ ಪ್ರಾಣಿಗಳನ್ನೂ ಆರು ದೊಡ್ಡ ಗುಂಪುಗಳಾಗಿ ಹಂಚಿದ. ಸಸ್ತನಿಗಳು, ಹಕ್ಕಿಗಳು, ಉಭಯಚರಗಳು, ಮೀನುಗಳು, ಕೀಟಗಳು, ಕೊನೆಯದಾಗಿ ಹುಳುಗಳು.

ಈ ಕೊನೆಯ ಗುಂಪು ನಮ್ಮ ಮನೆಗಳ ಅಟ್ಟವಿದ್ದಂತೆ. ಬೇರೆಲ್ಲೂ ಇಡಲಾಗದ್ದನ್ನೆಲ್ಲ ಅಲ್ಲಿಗೆ ಏರಿಸಿದ್ದರು. ಎರೆಹುಳು, ಶಂಖ, ಕವಡೆ, ಕಪ್ಪೆಚಿಪ್ಪು, ನಕ್ಷತ್ರ ಮೀನು, ಲೋಳೆಮೀನು, ಹವಳ ಎಲ್ಲವೂ ಅದರೊಳಗೆ. ಅದರಲ್ಲೂ ಮೆತ್ತನೆಯವು ಒಂದು ಕಡೆ, ಚಿಪ್ಪಿರುವುವು ಇನ್ನೊಂದು ಕಡೆ. ಮೆತ್ತನೆಯ ಪ್ರಾಣಿಗಳ ವಿಭಾಗಕ್ಕೆ ಲಿನೇಯಸ್ ಇಟ್ಟ ಹೆಸರು ಮೊಲಸ್ಕ. ಆ ಮೊಲಸ್ಕದಲ್ಲಿ ಚಿಪ್ಪಿಲ್ಲದ ಬಸವನ ಹುಳುವಿನ ಪಕ್ಕದಲ್ಲೇ ನಕ್ಷತ್ರ ಮೀನು ಕುಳಿತಿತ್ತು. ಮೈತುಂಬ ಮುಳ್ಳಿರುವ ಸೀ ಅರ್ಚಿನ್ ಕೂಡ ಅಲ್ಲೇ!

ಈ ಅಟ್ಟವನ್ನು ಇಳಿಸಿ, ಧೂಳು ಕೊಡವಿ, ಒಂದೊಂದನ್ನೂ ಸರಿಯಾದ ಜಾಗದಲ್ಲಿ ಇಡಲು ಬದುಕಿನ ಅರ್ಧದಷ್ಟು ಕಾಲ ದುಡಿದವನೇ ಫ್ರಾನ್ಸ್ ದೇಶದ ಜೀನ್ ಬ್ಯಾಪ್ಟಿಸ್ಟ್ ಲಾಮಾರ್ಕ್. ಮುಂದೆ ಹೈಸ್ಕೂಲಿನಲ್ಲಿ ಜಿರಾಫೆಯ ಉದ್ದ ಕುತ್ತಿಗೆಯ ಪಾಠ ಬಂದಾಗ ಈ ಹೆಸರು ನಿಮಗೆ ಮತ್ತೆ ಸಿಗುತ್ತದೆ. ಅಲ್ಲಿ ಆತ ತಪ್ಪು ಹೇಳಿದವನಾಗಿ ಬರುತ್ತಾನೆ. ಅದಕ್ಕೂ ಮೊದಲು ಆತನ ಇನ್ನೊಂದು ಕೆಲಸವನ್ನು ನೀವು ತಿಳಿದಿರಲಿ ಎಂದು ಈ ಕಥೆ.

ಕುದುರೆ ಏರಿದ ಹುಡುಗ

ಲಾಮಾರ್ಕ್ ಹುಟ್ಟಿದ್ದು 1744ರ ಆಗಸ್ಟ್ 1ರಂದು, ಉತ್ತರ ಫ್ರಾನ್ಸಿನ ಬಜಾಂಟಿನ್ ಎಂಬ ಚಿಕ್ಕ ಹಳ್ಳಿಯಲ್ಲಿ. ಹನ್ನೊಂದು ಮಕ್ಕಳಲ್ಲಿ ಈತನೇ ಕಿರಿಯ. ಮನೆತನ ದೊಡ್ಡದು, ಆದರೆ ಹಣವಿರಲಿಲ್ಲ. ಅಣ್ಣಂದಿರು ಸೈನ್ಯ ಸೇರಿದ್ದರು. ಕಿರಿಯವನು ಪಾದ್ರಿಯಾಗಲಿ ಎಂದು ತಂದೆ ಆತನನ್ನು ಅಮಿಯೆನ್ಸ್ ಪಟ್ಟಣದ ಧಾರ್ಮಿಕ ಶಾಲೆಗೆ ಹಾಕಿದರು. ಹುಡುಗನಿಗೆ ಅದು ಇಷ್ಟವಿರಲಿಲ್ಲ. ತಂದೆ ತೀರಿಕೊಂಡ ಮೇಲೆ ಒಂದು ಬಡಕಲು ಕುದುರೆ ಕೊಂಡು ನೇರವಾಗಿ ಯುದ್ಧಭೂಮಿಗೆ ಹೊರಟುಬಿಟ್ಟ. ಆಗ ಯೂರೋಪಿನಲ್ಲಿ ಏಳು ವರ್ಷಗಳ ಯುದ್ಧ ನಡೆಯುತ್ತಿತ್ತು. ಅದು 1761ನೇ ಇಸವಿ, ಲಾಮಾರ್ಕ್‌ಗೆ ಇನ್ನೂ 17 ತುಂಬಿರಲಿಲ್ಲ.

ಸೈನ್ಯ ಸೇರಿದ ಕೂಡಲೇ ಭಾರಿ ಕಾಳಗ ನಡೆಯಿತು. ಆತನಿದ್ದ ತುಕಡಿಯ ಅಧಿಕಾರಿಗಳೆಲ್ಲ ಸತ್ತರು. ಕೇವಲ 14 ಮಂದಿ ಉಳಿದಿದ್ದರಂತೆ. ಹಿಂದೆ ಸರಿಯಲು ಅಪ್ಪಣೆ ಬಂದಿಲ್ಲವೆಂದು ಈ ಹುಡುಗ ಉಳಿದವರನ್ನು ಅಲ್ಲೇ ನಿಲ್ಲಿಸಿಕೊಂಡ. ಅಪ್ಪಣೆ ಬಂದ ಮೇಲೆಯೇ ಜಾಗ ಬಿಟ್ಟ. ಸೇನಾಪತಿ ಮೆಚ್ಚಿ ಆತನನ್ನು ಅಧಿಕಾರಿ ಮಾಡಿದ. ಈ ಹಟ ಆತನಿಗೆ ಕೊನೆಯವರೆಗೂ ಇತ್ತು. ಅದು ಒಳ್ಳೆಯದಕ್ಕೂ ಆಯಿತು, ಕೆಟ್ಟದ್ದಕ್ಕೂ ಆಯಿತು.

ಸೈನಿಕನ ಬದುಕು ಬಹಳ ಕಾಲ ನಡೆಯಲಿಲ್ಲ. ಆಟವಾಡುತ್ತ ಗೆಳೆಯನೊಬ್ಬ ಆತನನ್ನು ತಲೆ ಹಿಡಿದು ಮೇಲೆತ್ತಿದ. ಕುತ್ತಿಗೆಯ ಒಳಗೆ ಪೆಟ್ಟಾಯಿತು. ಪ್ಯಾರಿಸ್ಸಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಬೇಕಾಯಿತು. (ನೀವೂ ಆಟದಲ್ಲಿ ಯಾರನ್ನೂ ಹೀಗೆ ಎತ್ತಬೇಡಿ.) ಸೈನ್ಯ ಬಿಟ್ಟ ಮೇಲೆ ಬಂದ ಪಿಂಚಣಿ ಊಟಕ್ಕೂ ಸಾಲದು. ಬ್ಯಾಂಕಿನಲ್ಲಿ ಗುಮಾಸ್ತನಾದ, ವೈದ್ಯಶಾಸ್ತ್ರ ಓದಿದ, ಕೊನೆಗೆ ಗಿಡಗಳ ಬೆನ್ನು ಹತ್ತಿದ.

ಗಿಡಗಳ ಬಗ್ಗೆ ಆತ ಬರೆದ ಮೂರು ಸಂಪುಟಗಳ ಪುಸ್ತಕ ಫ್ರಾನ್ಸಿನಲ್ಲಿ ಮನೆಮಾತಾಯಿತು. ಕಾರಣ ಸುಲಭ. ಅದನ್ನು ಹಿಡಿದು ಯಾರು ಬೇಕಾದರೂ ಗಿಡದ ಹೆಸರು ಪತ್ತೆ ಮಾಡಬಹುದಿತ್ತು. ಪ್ರತಿ ಹೆಜ್ಜೆಯಲ್ಲೂ ಎರಡೇ ಆಯ್ಕೆ. ಗಿಡದಲ್ಲಿ ಹೂ ಕಾಣುತ್ತದೆಯೋ ಇಲ್ಲವೋ? ಎಸಳುಗಳು ಬಿಡಿಯೋ ಕೂಡಿಕೊಂಡಿವೆಯೋ? ಹೀಗೆ ಒಂದೊಂದಕ್ಕೇ ಉತ್ತರಿಸುತ್ತ ಹೋದರೆ ಕೊನೆಗೆ ಒಂದೇ ಹೆಸರು ಉಳಿಯುತ್ತದೆ. ಈ ಎರಡು ದಾರಿಯ ಪ್ರಶ್ನೆಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ನಾವೂ ಇಂಥದೇ ಪ್ರಶ್ನೆ ಕೇಳೋಣ. ಆ ಕಾಲದ ದೊಡ್ಡ ಪ್ರಕೃತಿ ವಿಜ್ಞಾನಿ ಬುಫಾನ್ ಈ ಪುಸ್ತಕವನ್ನು ಸರ್ಕಾರದ ಖರ್ಚಿನಲ್ಲಿ ಅಚ್ಚು ಹಾಕಿಸಿಕೊಟ್ಟ. 1779ರಲ್ಲಿ ಲಾಮಾರ್ಕ್ ವಿಜ್ಞಾನ ಅಕಾಡೆಮಿಯ ಸದಸ್ಯನಾದ. ಮುಂದೆ ಪ್ಯಾರಿಸ್ಸಿನ ರಾಜೋದ್ಯಾನದಲ್ಲಿ ಒಣಗಿಸಿದ ಗಿಡಗಳ ಸಂಗ್ರಹ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಸಂಬಳ ಮಾತ್ರ ಕಡಿಮೆ.

ಯಾರಿಗೂ ಬೇಡವಾದ ಪೆಟ್ಟಿಗೆ

1789ರಲ್ಲಿ ಫ್ರಾನ್ಸಿನ ಕ್ರಾಂತಿ ಆಯಿತು. ರಾಜನೇ ಇಲ್ಲವಾದ ಮೇಲೆ ರಾಜೋದ್ಯಾನ ಎಲ್ಲಿಯದು? 1793ರಲ್ಲಿ ಅದನ್ನು ಪ್ರಕೃತಿ ವಿಜ್ಞಾನದ ರಾಷ್ಟ್ರೀಯ ಸಂಗ್ರಹಾಲಯವಾಗಿ ಬದಲಾಯಿಸಿದರು. 12 ಮಂದಿ ಪ್ರಾಧ್ಯಾಪಕರು, ಒಬ್ಬೊಬ್ಬರಿಗೆ ಒಂದೊಂದು ವಿಷಯ. ಸಸ್ಯಶಾಸ್ತ್ರದ ಜಾಗ ಬೇರೆಯವರ ಪಾಲಾಯಿತು. ಸಸ್ತನಿ ಮತ್ತು ಹಕ್ಕಿಗಳನ್ನು ಜೆಫ್ರಾಯ್ ಸೇಂಟ್ ಹಿಲೇರ್ ಎಂಬ 21 ವರ್ಷದ ತರುಣನಿಗೆ ಕೊಟ್ಟರು. ಉಳಿದದ್ದು ಕೀಟಗಳು, ಹುಳುಗಳು ಮತ್ತು ಸೂಕ್ಷ್ಮ ಪ್ರಾಣಿಗಳು. ಲಿನೇಯಸ್‌ನ ಅದೇ ಅಟ್ಟ! ಅದು ಲಾಮಾರ್ಕ್‌ನ ಪಾಲಿಗೆ ಬಂತು.

ಯೋಚಿಸಿ ನೋಡಿ. ಆತನಿಗೆ 49 ತುಂಬುತ್ತಿತ್ತು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಓದಿದ್ದು ಗಿಡಗಳನ್ನು. ಮನೆಯಲ್ಲಿ ಹೆಂಡತಿ, ತುಂಬ ಮಕ್ಕಳು. ಈಗ ಹೊಸ ವಿಷಯ, ಅದೂ ಯಾರೂ ಗೌರವಿಸದ ವಿಷಯ. ಬೇಡ ಎನ್ನುವ ಹಾಗೂ ಇರಲಿಲ್ಲ. ಆದರೆ ಆತನಿಗೆ ಒಂದು ಅನುಕೂಲವಿತ್ತು. ಚಿಪ್ಪುಗಳನ್ನು ಕೂಡಿಡುವ ಹವ್ಯಾಸ ಮೊದಲಿನಿಂದಲೂ ಇತ್ತು. ಬ್ರುಗಿಯೇರ್ ಎಂಬ ಗೆಳೆಯ ಈ ಪ್ರಾಣಿಗಳನ್ನು ಚೆನ್ನಾಗಿ ಬಲ್ಲವನಾಗಿದ್ದ. ಸೀ ಅರ್ಚಿನ್ ಮತ್ತು ನಕ್ಷತ್ರ ಮೀನುಗಳನ್ನು ಮುಳ್ಳುಚರ್ಮದವು ಎಂಬ ಹೆಸರಿನಲ್ಲಿ ಬೇರೆ ಇಡಬೇಕೆಂದು 1791ರಲ್ಲೇ ಬರೆದಿದ್ದ. ಆದರೆ ಆತ ದೂರದ ಪ್ರಯಾಣಕ್ಕೆ ಹೋಗಿ, ಹಿಂದಿರುಗುವ ದಾರಿಯಲ್ಲೇ 1798ರಲ್ಲಿ ತೀರಿಕೊಂಡ.

ಲಾಮಾರ್ಕ್ ಸುಮಾರು ಒಂದು ವರ್ಷ ಕುಳಿತು ಓದಿ 1794ರಲ್ಲಿ ಪಾಠ ಶುರು ಮಾಡಿದ. ಆತ ಮೊದಲು ಗಮನಿಸಿದ್ದು ಒಂದು ಸರಳ ಸಂಗತಿ. ಲಿನೇಯಸ್‌ನ ಮೊದಲ ನಾಲ್ಕು ಗುಂಪಿನ ಪ್ರಾಣಿಗಳಿಗೆಲ್ಲ ಬೆನ್ನುಮೂಳೆ ಇದೆ, ಕೊನೆಯ ಎರಡು ಗುಂಪುಗಳಿಗೆ ಇಲ್ಲ. ನಿಮ್ಮ ಪಠ್ಯಪುಸ್ತಕದಲ್ಲಿ ಕಶೇರುಕ, ಅಕಶೇರುಕ ಎಂಬ ಎರಡು ಪದಗಳಿವೆಯಲ್ಲ, ಆ ವಿಂಗಡಣೆ ವಿಜ್ಞಾನದಲ್ಲಿ ನೆಲೆಯಾದದ್ದು ಲಾಮಾರ್ಕ್‌ನಿಂದ. ಜೀವಶಾಸ್ತ್ರಕ್ಕೆ ಇಂಗ್ಲಿಷಿನಲ್ಲಿ ಬಯಾಲಜಿ ಎನ್ನುತ್ತಾರಲ್ಲ, ಆ ಪದವನ್ನು ಮೊದಮೊದಲು ಬಳಸಿದವರಲ್ಲೂ ಆತ ಒಬ್ಬ.

ಚಿಪ್ಪು ಸಾಲದು, ಒಳಗೆ ನೋಡಬೇಕು

1795ರಲ್ಲಿ ಜಾರ್ಜ್ ಕ್ಯುವಿಯೆ ಎಂಬ ತರುಣ ಪ್ಯಾರಿಸ್ಸಿಗೆ ಬಂದ. ಸಮುದ್ರ ತೀರದ ಊರಿನಲ್ಲಿ ಮನೆಪಾಠದ ಮೇಷ್ಟ್ರಾಗಿದ್ದಾಗ ಆತ ದಡದಲ್ಲಿ ಸಿಕ್ಕ ಪ್ರಾಣಿಗಳನ್ನೆಲ್ಲ ಕೊಯ್ದು ನೋಡಿದ್ದ. ಹೊರಗಿನ ಚಿಪ್ಪು ನೋಡಿ ಗುಂಪು ಮಾಡಬಾರದು, ದೇಹದೊಳಗಿನ ಅಂಗಗಳನ್ನು ನೋಡಬೇಕು ಎಂಬುದು ಆತನ ಮಾತು. ಅದೇ ವರ್ಷ ಆತ ಬೆನ್ನುಮೂಳೆ ಇಲ್ಲದ ಪ್ರಾಣಿಗಳನ್ನು ಆರು ಗುಂಪು ಮಾಡಿ ತೋರಿಸಿದ. ಅದರಲ್ಲಿ ಮೃದ್ವಂಗಿಗಳು ಬೇರೆ, ಮುಳ್ಳುಚರ್ಮದ ಕಂಟಕಚರ್ಮಿಗಳು ಬೇರೆ. ಹೀಗೆ ಇವೆರಡನ್ನೂ ಬಿಡಿಸಿದ ಮೊದಲ ಗೌರವ ಕ್ಯುವಿಯೆಗೂ ಸಲ್ಲಬೇಕು. ಲಾಮಾರ್ಕ್ ತನಗಿಂತ 25 ವರ್ಷ ಚಿಕ್ಕವನಾದ ಈ ಹುಡುಗನ ಮಾತನ್ನು ಒಪ್ಪಿಕೊಂಡು ತನ್ನ ಪಾಠಕ್ಕೆ ಸೇರಿಸಿಕೊಂಡ. ಅಲ್ಲಿಗೆ ನಿಲ್ಲಿಸದೆ ಮುಂದುವರಿದ. 1801ರಲ್ಲಿ ಅಕಶೇರುಕಗಳ ಬಗ್ಗೆ ತನ್ನ ಮೊದಲ ಪುಸ್ತಕ ತಂದ. ಜೇಡ, ಚೇಳುಗಳನ್ನು ಕೀಟಗಳಿಂದ ಬೇರೆ ಮಾಡಿದ. ಆಮೇಲೆ ಎರೆಹುಳುವಿನ ಗುಂಪನ್ನೂ ಉಳಿದ ಹುಳುಗಳಿಂದ ಬಿಡಿಸಿದ. 1809ರ ಹೊತ್ತಿಗೆ ಲಿನೇಯಸ್‌ನ ಎರಡು ಗುಂಪುಗಳು ಹತ್ತಾಗಿದ್ದವು.

ಹಾಗಾದರೆ ಶಂಖದ ಹುಳುವಿಗೂ ನಕ್ಷತ್ರ ಮೀನಿಗೂ ಏನು ವ್ಯತ್ಯಾಸ? ಲಾಮಾರ್ಕ್‌ನ ಪುಸ್ತಕದಂತೆ ಎರಡು ದಾರಿಯ ಪ್ರಶ್ನೆಗಳನ್ನು ಕೇಳೋಣ. ಆತನ ಕಾಲಕ್ಕೆ ತಿಳಿಯದೆ ಇದ್ದ ಕೆಲವು ಸಂಗತಿಗಳನ್ನೂ ಜೊತೆಗೆ ಸೇರಿಸಿದ್ದೇನೆ.

ಮೊದಲ ಪ್ರಶ್ನೆ. ಪ್ರಾಣಿಯನ್ನು ಮಧ್ಯದಲ್ಲಿ ಗೆರೆ ಎಳೆದು ಭಾಗ ಮಾಡಿದರೆ ಎಡ ಬಲ ಸಿಗುತ್ತದೆಯೇ, ಅಥವಾ ಚಕ್ರದ ಕಡ್ಡಿಗಳಂತೆ ಸುತ್ತಲೂ ಒಂದೇ ರೀತಿಯ ಭಾಗಗಳೇ? ಚಿಪ್ಪಿಲ್ಲದ ಬಸವನ ಹುಳುವಿಗೆ ತಲೆ ಇದೆ, ಬಾಲದ ತುದಿ ಇದೆ, ಎಡ ಬಲ ಇದೆ. ನಕ್ಷತ್ರ ಮೀನಿಗೆ ತಲೆಯೂ ಇಲ್ಲ, ಬಾಲವೂ ಇಲ್ಲ. ನಡುವಿನಿಂದ ಸಾಮಾನ್ಯವಾಗಿ ಐದು ತೋಳುಗಳು. ಸೀ ಅರ್ಚಿನ್ ಚೆಂಡಿನಂತೆ ಕಂಡರೂ ಮುಳ್ಳು ಉದುರಿದ ಅದರ ಗೂಡನ್ನು ನೋಡಿದರೆ ಅಲ್ಲೂ ಐದು ಪಟ್ಟಿಗಳು ಎದ್ದು ಕಾಣುತ್ತವೆ. ಸಮುದ್ರದ ಸೌತೆ ಎಂಬ ಇನ್ನೊಂದು ಪ್ರಾಣಿಯಿದೆ. ಮಲಗಿದ ಸೌತೆಕಾಯಿಯಂತಿರುವ ಅದರಲ್ಲೂ ಐದರ ಲೆಕ್ಕವೇ. ಇವೆಲ್ಲ ಕಂಟಕಚರ್ಮಿಗಳು.

ಎರಡನೆಯ ಪ್ರಶ್ನೆ. ಗಟ್ಟಿ ಭಾಗ ಎಲ್ಲಿದೆ? ಬಸವನ ಹುಳುವಿನ ಮೈಯನ್ನು ಶಾಲಿನಂತೆ ಹೊದ್ದುಕೊಂಡ ಒಂದು ಪದರವಿದೆ. ಅದಕ್ಕೆ ಪ್ರಾವಾರ ಎನ್ನುತ್ತಾರೆ. ಅದೇ ಸುಣ್ಣವನ್ನು ಸ್ರವಿಸಿ ಹೊರಗೆ ಚಿಪ್ಪು ಕಟ್ಟುತ್ತದೆ. ಹುಳು ಬೆಳೆದಂತೆ ಚಿಪ್ಪಿನ ಅಂಚಿಗೆ ಹೊಸ ಭಾಗ ಸೇರುತ್ತದೆ. ಕೆಲವು ಮೃದ್ವಂಗಿಗಳಲ್ಲಿ ಚಿಪ್ಪು ಮೈಯೊಳಗೇ ಸೇರಿಹೋಗಿದೆ. ಲವ್ ಬರ್ಡ್ಸ್ ಪಂಜರದಲ್ಲಿ ಸಿಕ್ಕಿಸುವ ಬಿಳಿಯ ಹಗುರ ಚಕ್ಕೆಯನ್ನು ನೋಡಿದ್ದೀರಾ? ಅದು ಕಟಲ್ ಫಿಶ್ ಎಂಬ ಮೃದ್ವಂಗಿಯ ಒಳಚಿಪ್ಪು. ಆಕ್ಟೋಪಸ್‌ಗಂತೂ ಚಿಪ್ಪೇ ಉಳಿದಿಲ್ಲ. ಕಂಟಕಚರ್ಮಿಗಳ ಕಥೆ ಬೇರೆ. ಅವುಗಳಲ್ಲೂ ಸುಣ್ಣವೇ ಗಟ್ಟಿ ಭಾಗವಾದರೂ ಅದು ಚರ್ಮದ ಕೆಳಗೆ ಸಣ್ಣ ಸಣ್ಣ ಫಲಕಗಳಾಗಿರುತ್ತದೆ. ಸೀ ಅರ್ಚಿನ್‌ನ ಗೂಡು ಹೊರಗಿನ ಚಿಪ್ಪಿನಂತೆ ಕಂಡರೂ ಅದರ ಮೇಲೆ ತೆಳ್ಳನೆಯ ಚರ್ಮವಿದೆ.

ಮೂರನೆಯದು ನಡಿಗೆ. ಬಸವನ ಹುಳುವಿಗೆ ಹೊಟ್ಟೆಯ ಕೆಳಗೆ ಒಂದೇ ಅಗಲ ಪಾದ. ನಕ್ಷತ್ರ ಮೀನನ್ನು ಮಗುಚಿ ನೋಡಿದರೆ ಪ್ರತಿ ತೋಳಿನ ಕೆಳಗೂ ನೂರಾರು ಪುಟ್ಟ ಕೊಳವೆಗಳು! ಬೆನ್ನಿನ ಮೇಲಿರುವ ಜರಡಿಯಂಥ ರಂಧ್ರಗಳಿಂದ ಸಮುದ್ರದ ನೀರು ಒಳಗೆ ಬರುತ್ತದೆ. ಅದು ಬಾಯಿಯ ಸುತ್ತಲಿನ ಬಳೆಯಂಥ ನಾಳವನ್ನು ಸೇರಿ, ಅಲ್ಲಿಂದ ಪ್ರತಿ ತೋಳಿಗೂ ಹರಿಯುತ್ತದೆ. ಈ ನೀರನ್ನು ಒತ್ತಿದಾಗ ಕೊಳವೆಗಳು ಉದ್ದವಾಗುತ್ತವೆ, ಬಿಟ್ಟಾಗ ಗಿಡ್ಡವಾಗುತ್ತವೆ. ಅವೇ ಅದರ ಕಾಲುಗಳು, ನಾಳಪಾದಗಳು. ನೀರಿನ ಒತ್ತಡದಿಂದ ಇಂಥ ಕಾಲುಗಳನ್ನು ನಡೆಸುವ ಏರ್ಪಾಡು ಬೇರೆ ಯಾವ ಗುಂಪಿನಲ್ಲೂ ಇಲ್ಲ. ಕಂಟಕಚರ್ಮಿಗಳೆಲ್ಲ ಸಮುದ್ರದಲ್ಲೇ ಇವೆ. ನಮ್ಮ ಕೆರೆಯಲ್ಲಿ, ಹೊಳೆಯಲ್ಲಿ ಒಂದೂ ಸಿಗುವುದಿಲ್ಲ. ಮೃದ್ವಂಗಿಗಳಾದರೆ ಸಮುದ್ರ, ಕೆರೆ, ಗದ್ದೆ, ಗೋಡೆ ಎಲ್ಲೆಡೆಯೂ ಇವೆ.

ಊಟದ ಕ್ರಮ

ನನಗಂತೂ ಇವುಗಳ ಊಟವೇ ಎಲ್ಲಕ್ಕಿಂತ ಸ್ವಾರಸ್ಯವಾಗಿ ಕಾಣುತ್ತದೆ. ಗುಂಪು ಬೇರೆಯಾದರೆ ಬಾಯಿಯೂ ಬೇರೆ.

ಒಂದು ಪ್ರಯೋಗ ಮಾಡಿ. ಬಸವನ ಹುಳುವನ್ನು ಎಲೆಯ ಸಹಾಯದಿಂದ ಎತ್ತಿ ಗಾಜಿನ ಮೇಲೆ ಬಿಡಿ. ಬರಿಗೈಯಲ್ಲಿ ಮುಟ್ಟಬೇಡಿ, ಆಮೇಲೆ ಸೋಪಿನಿಂದ ಕೈ ತೊಳೆಯಿರಿ. ಗಾಜಿಗೆ ಮೊದಲೇ ಮೈದಾ ಗಂಜಿಯನ್ನು ತೆಳ್ಳಗೆ ಸವರಿರಿ. ಕೆಳಗಿನಿಂದ ನೋಡಿದರೆ ಬಾಯಿ ತೆರೆದು ಮುಚ್ಚುವುದು ಕಾಣುತ್ತದೆ. ಅದೃಷ್ಟವಿದ್ದರೆ ಗಂಜಿಯಲ್ಲಿ ಕೆರೆದ ಗುರುತೂ ಸಿಗುತ್ತದೆ. ಅದರ ನಾಲಿಗೆ ನಮ್ಮಂತೆ ನುಣುಪಲ್ಲ, ಕ್ಯಾರೆಟ್ ತುರಿಯುವ ಮಣೆಯಂತೆ ಸಾಲು ಸಾಲು ಹಲ್ಲು. ಅದಕ್ಕೆ ರ್‍ಯಾಡುಲ ಎಂದು ಹೆಸರು. ಮುಂದಿನ ಹಲ್ಲು ಸವೆದಂತೆ ಹಿಂದಿನಿಂದ ಹೊಸ ಸಾಲು ಬರುತ್ತದೆ. ಈ ತುರಿಮಣೆ ಮೃದ್ವಂಗಿಗಳಿಗೆ ಮಾತ್ರ ಇರುವ ವಿಶೇಷ. ಬಂಡೆಗೆ ಅಂಟಿಕೊಂಡು ಪಾಚಿ ಕೆರೆಯುವ ಲಿಂಪೆಟ್ ಎಂಬ ಕಡಲ ಬಸವನ ಹುಳುವಿನ ಹಲ್ಲಿನಲ್ಲಿ ಕಬ್ಬಿಣದ ಖನಿಜವೇ ಇದೆ. ಕೋನ್ ಶಂಖದ ಹುಳು ಅದೇ ಹಲ್ಲನ್ನು ವಿಷದ ಬಾಣ ಮಾಡಿಕೊಂಡು ಮೀನನ್ನು ಚುಚ್ಚುತ್ತದೆ. ಆಕ್ಟೋಪಸ್‌ಗೆ ಗಿಣಿಯಂಥ ಕೊಕ್ಕು, ಅದರೊಳಗೆ ರ್‍ಯಾಡುಲ ಕೂಡ.

ಕಪ್ಪೆಚಿಪ್ಪು ಮಾತ್ರ ಈ ತುರಿಮಣೆಯನ್ನು ಬಿಟ್ಟುಬಿಟ್ಟಿದೆ. ಅದಕ್ಕೆ ತಲೆಯೂ ಇಲ್ಲ, ಹಲ್ಲೂ ಇಲ್ಲ. ಕಿವಿರುಗಳ ಮೂಲಕ ನೀರು ಹಾಯಿಸಿ, ಅದರಲ್ಲಿ ತೇಲುವ ಕಣಗಳನ್ನು ಸೋಸಿ ತಿನ್ನುತ್ತದೆ. ಅಡುಗೆ ಮನೆಯಲ್ಲಿ ಟೀ ಸೋಸುವ ಹಾಗೆ. ಅಪಾಯ ಬಂದರೆ ಎರಡು ಚಿಪ್ಪನ್ನೂ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ಚಾಕು ಇಲ್ಲದೆ ನಮಗೂ ತೆರೆಯುವುದು ಕಷ್ಟ.

ಆದರೆ ನಕ್ಷತ್ರ ಮೀನು ತೆರೆಯುತ್ತದೆ! ಅದು ಕಪ್ಪೆಚಿಪ್ಪಿನ ಮೇಲೆ ಕವಿದುಕೊಂಡು ಕುಳಿತು, ನಾಳಪಾದಗಳಿಂದ ಎರಡೂ ಚಿಪ್ಪುಗಳನ್ನು ಹಿಡಿದು ಎಳೆಯುತ್ತದೆ. ಒಳಗಿನ ಪ್ರಾಣಿಯ ಸ್ನಾಯು ದಣಿದಾಗ ಚಿಪ್ಪು ಕೂದಲೆಳೆಯಷ್ಟು ಬಿಡುತ್ತದೆ. ಅಷ್ಟೇ ಸಾಕು. ನಕ್ಷತ್ರ ಮೀನು ತನ್ನ ಜಠರವನ್ನೇ ಬಾಯಿಯ ಮೂಲಕ ಹೊರಗೆ ತಳ್ಳಿ ಆ ಸಂದಿಯೊಳಗೆ ತೂರಿಸುತ್ತದೆ. ಕಪ್ಪೆಚಿಪ್ಪು ತನ್ನ ಮನೆಯೊಳಗೇ ಜೀರ್ಣವಾಗುತ್ತದೆ. ಊಟ ಮುಗಿದ ಮೇಲೆ ಜಠರ ಒಳಗೆ ಹೋಗುತ್ತದೆ. ನಾವು ಅನ್ನವನ್ನು ಹೊಟ್ಟೆಗೆ ಹಾಕಿಕೊಂಡರೆ ಅದು ಹೊಟ್ಟೆಯನ್ನೇ ಅನ್ನಕ್ಕೆ ಹಾಕುತ್ತದೆ. ಲಿನೇಯಸ್ ಮೆತ್ತನೆಯವು ಎಂದು ಒಂದೇ ಕಡೆ ಇಟ್ಟಿದ್ದ ಪ್ರಾಣಿಗಳಲ್ಲಿ ಬಸವನ ಹುಳು ತುರಿದು ತಿಂದರೆ ನಕ್ಷತ್ರ ಮೀನು ಹೀಗೆ ತಿನ್ನುತ್ತದೆ.

ಅದರ ನೆಂಟ ಸೀ ಅರ್ಚಿನ್‌ನ ಬಾಯಿ ಇನ್ನೂ ಬೇರೆ. ಮೈಯ ಅಡಿಯಲ್ಲಿ ಐದು ಹಲ್ಲುಗಳು ಒಂದು ಕಡೆ ಕೂಡುತ್ತವೆ. ಅವುಗಳನ್ನು ಹಿಡಿದಿರುವ ಚೌಕಟ್ಟು ಹಳೆಯ ಕಾಲದ ಲಾಂದ್ರವನ್ನು ಹೋಲುತ್ತದೆ. ಗ್ರೀಕ್ ಪಂಡಿತ ಅರಿಸ್ಟಾಟಲ್ ಸುಮಾರು 2300 ವರ್ಷಗಳ ಹಿಂದೆಯೇ ಇದನ್ನು ವಿವರಿಸಿದ್ದರಿಂದ ಅದಕ್ಕೆ ಅರಿಸ್ಟಾಟಲನ ಲಾಂದ್ರ ಎಂದೇ ಹೆಸರು. ಇಷ್ಟು ಚೆನ್ನಾಗಿ ಬಾಯಿ ನೋಡಿದ ಅರಿಸ್ಟಾಟಲನೂ ಸೀ ಅರ್ಚಿನ್‌ನನ್ನು ಶಂಖ, ಕಪ್ಪೆಚಿಪ್ಪುಗಳ ಜೊತೆ ಗಟ್ಟಿ ಚಿಪ್ಪಿನವುಗಳ ಗುಂಪಿಗೇ ಸೇರಿಸಿದ್ದ. ಸೀ ಅರ್ಚಿನ್ ಈ ಹಲ್ಲುಗಳಿಂದ ಬಂಡೆಯ ಪಾಚಿ ಕೆರೆಯುತ್ತದೆ. ಸಮುದ್ರದ ಸೌತೆಗಳಲ್ಲಿ ಹಲವು ಮರಳು, ಕೆಸರನ್ನೇ ನುಂಗಿ ಅದರಲ್ಲಿರುವ ಆಹಾರವನ್ನು ಹೀರಿ ಉಳಿದದ್ದನ್ನು ಹೊರಹಾಕುತ್ತವೆ. ಗರಿ ನಕ್ಷತ್ರ ಎಂಬುದು ಬಾಯಿಯನ್ನು ಮೇಲೆ ಮಾಡಿ, ತೋಳು ಹರಡಿ, ತೇಲಿ ಬಂದದ್ದನ್ನು ಹಿಡಿಯುತ್ತದೆ.

ನಕ್ಷತ್ರ ಮೀನೇ ಯಾವಾಗಲೂ ಗೆಲ್ಲುತ್ತದೆ ಎಂದುಕೊಳ್ಳಬೇಡಿ. ಟ್ರೈಟನ್ ಎಂಬ ದೊಡ್ಡ ಶಂಖದ ಹುಳು ನಕ್ಷತ್ರ ಮೀನನ್ನೇ ಬೇಟೆಯಾಡಿ ತಿನ್ನುತ್ತದೆ.

ಶಂಖ ಹೇಳಿದ ಮಾತು

ಲಾಮಾರ್ಕ್ ಗುಂಪುಗಳ ಒಳಗೂ ಕೆಲಸ ಮಾಡಿದ. ನಮ್ಮ ದೇವಸ್ಥಾನಗಳಲ್ಲಿ ಊದುವ ಶಂಖ ನಿಮಗೆ ಗೊತ್ತು. ದಕ್ಷಿಣ ಭಾರತದ ಕಡಲಿನಲ್ಲಿ ಸಿಗುವ ಒಂದು ಮೃದ್ವಂಗಿಯ ಚಿಪ್ಪು ಅದು. ಅದರ ವೈಜ್ಞಾನಿಕ ಹೆಸರು ಟರ್ಬಿನೆಲ್ಲ ಪೈರಮ್. ಎರಡನೆಯ ಪದ ಲಿನೇಯಸ್ ಕೊಟ್ಟದ್ದು, ಮೊದಲ ಪದ 1799ರಲ್ಲಿ ಲಾಮಾರ್ಕ್ ಕೊಟ್ಟದ್ದು. ಹಾಗೆಯೇ ಲಿನೇಯಸ್ ಒಂದೇ ಹೆಸರಿನಡಿ ಇಟ್ಟಿದ್ದ ಸ್ಕ್ವಿಡ್ ಮತ್ತು ಕಟಲ್ ಫಿಶ್‌ಗಳನ್ನು ಬಿಡಿಸಿದ. ಹಾವಿನ ಬಾಲದಂತೆ ತೋಳು ಬಳುಕಿಸುವ ನಕ್ಷತ್ರಗಳಿಗೆ ಒಫಿಯೂರ ಎಂಬ ಬೇರೆ ಹೆಸರಿಟ್ಟ.

ಪ್ಯಾರಿಸ್ ಸುತ್ತಮುತ್ತಲಿನ ಸುಣ್ಣಕಲ್ಲಿನಲ್ಲಿ ಕಲ್ಲಾದ ಹಳೆಯ ಚಿಪ್ಪುಗಳು ರಾಶಿ ರಾಶಿ ಸಿಗುತ್ತವೆ. ಕೋಟ್ಯಂತರ ವರ್ಷಗಳ ಹಿಂದೆ ಅಲ್ಲಿ ಸಮುದ್ರವಿತ್ತು. ಲಾಮಾರ್ಕ್ ಅವುಗಳನ್ನು ಈಗ ಬದುಕಿರುವ ಚಿಪ್ಪುಗಳ ಪಕ್ಕದಲ್ಲಿಟ್ಟು ನೋಡಿದ. ಕೆಲವು ಹೋಲುತ್ತಿದ್ದವು, ಆದರೆ ಒಂದೇ ಆಗಿರಲಿಲ್ಲ. ಹಾಗಾದರೆ ಪ್ರಾಣಿಗಳು ಕಾಲ ಕಳೆದಂತೆ ಬದಲಾಗುತ್ತವೆಯೇ? ಆಗಿನ ಬಹುಪಾಲು ವಿದ್ವಾಂಸರು ಇಲ್ಲ ಎನ್ನುತ್ತಿದ್ದರು. 1800ರಲ್ಲಿ ತನ್ನ ತರಗತಿಯ ಮೊದಲ ಪಾಠದಲ್ಲೇ ಲಾಮಾರ್ಕ್ ಹೌದು ಎಂದ. 1809ರಲ್ಲಿ ಅದನ್ನು ದೊಡ್ಡ ಪುಸ್ತಕವಾಗಿ ಬರೆದ.

ಬದಲಾಗುವುದು ನಿಜ. ಆದರೆ ಹೇಗೆ ಬದಲಾಗುತ್ತವೆ ಎಂಬಲ್ಲಿ ಆತ ಎಡವಿದ. ಬಸವನ ಹುಳುವಿನ ಕೊಂಬನ್ನೇ ತೆಗೆದುಕೊಳ್ಳಿ. ತೆವಳುವಾಗ ಮುಂದೇನಿದೆ ಎಂದು ತಡವಿ ನೋಡುವ ಅಗತ್ಯವಿತ್ತು, ಆ ಪ್ರಯತ್ನದಿಂದಲೇ ಕೊಂಬು ಮೂಡಿತು, ಅದು ಮರಿಗಳಿಗೂ ಬಂತು ಎಂಬುದು ಆತನ ವಿವರಣೆ. ಇದು ಸರಿಯಲ್ಲ. ಕಮ್ಮಾರನ ತೋಳು ದುಡಿದು ಗಟ್ಟಿಯಾದರೆ ಆತನ ಮಗು ಗಟ್ಟಿ ತೋಳಿನೊಂದಿಗೆ ಹುಟ್ಟುವುದಿಲ್ಲ. ಸರಿಯಾದ ವಿವರಣೆಯ ದಾರಿಯನ್ನು 1859ರಲ್ಲಿ ಚಾರ್ಲ್ಸ್ ಡಾರ್ವಿನ್ ತನ್ನ ಪುಸ್ತಕದಲ್ಲಿ ತೋರಿಸಿದ. ಡಾರ್ವಿನ್ ಹುಟ್ಟಿದ್ದು ಲಾಮಾರ್ಕ್‌ನ ಪುಸ್ತಕ ಬಂದ ಅದೇ 1809ರಲ್ಲಿ!

ಆ ಪುಸ್ತಕಕ್ಕೆ ಒಳ್ಳೆಯ ಸ್ವಾಗತ ಸಿಗಲಿಲ್ಲ. ಲಾಮಾರ್ಕ್ ಅದನ್ನು ಚಕ್ರವರ್ತಿ ನೆಪೋಲಿಯನ್‌ಗೆ ಒಪ್ಪಿಸಲು ಹೋದ. ಲಾಮಾರ್ಕ್ ಹಲವು ವರ್ಷ ಹವಾಮಾನದ ಪಂಚಾಂಗದಂಥ ಪುಸ್ತಕಗಳನ್ನೂ ಪ್ರಕಟಿಸುತ್ತಿದ್ದ, ಅವು ನಗೆಪಾಟಲಾಗಿದ್ದವು. ಇದೂ ಅಂಥದೇ ಎಂದುಕೊಂಡ ನೆಪೋಲಿಯನ್ ಎಲ್ಲರೆದುರು ಗದರಿಬಿಟ್ಟ. ಇದು ಪ್ರಾಣಿಶಾಸ್ತ್ರದ ಪುಸ್ತಕ ಎಂದು ಹೇಳಲಾಗದೆ ಮುದುಕ ಅತ್ತುಬಿಟ್ಟ ಎಂದು ವಿಜ್ಞಾನಿ ಅರಾಗೊ ಬರೆದಿಟ್ಟಿದ್ದಾನೆ.

ಕಣ್ಣು ಹೋದ ಮೇಲೆ

ವರ್ಷಗಟ್ಟಲೆ ಸಣ್ಣ ಚಿಪ್ಪುಗಳನ್ನು ಕಣ್ಣಿಗೆ ಹಿಡಿದು ನೋಡಿದವನಿಗೆ ದೃಷ್ಟಿಯೇ ಕೈಕೊಟ್ಟಿತು. ಮಂಜು ಮಂಜಾಗಿ, ಕೊನೆಗೆ ಪೂರ್ತಿ ಕತ್ತಲೆಯಾಯಿತು. ಆಗ ಆತ ಬರೆಯುತ್ತಿದ್ದದ್ದು ಅಕಶೇರುಕಗಳ ಬಗ್ಗೆ ಬದುಕಿನ ಅತಿ ದೊಡ್ಡ ಪುಸ್ತಕ. 1815ರಲ್ಲಿ ಮೊದಲ ಸಂಪುಟ ಬಂತು. ಕಣ್ಣು ಹೋಯಿತೆಂದು ಕೆಲಸ ನಿಲ್ಲಲಿಲ್ಲ. ಯುದ್ಧದಲ್ಲಿ ಜಾಗ ಬಿಡದ ಹುಡುಗನ ಹಟ ಇಲ್ಲಿ ನೆರವಿಗೆ ಬಂತು. ಆತ ಬಾಯಲ್ಲಿ ಹೇಳುತ್ತಿದ್ದ, ಮಗಳು ಬರೆದುಕೊಳ್ಳುತ್ತಿದ್ದಳು. 1822ರಲ್ಲಿ ಏಳನೆಯ ಸಂಪುಟ ಮುಗಿಯಿತು. ಆಗ ಆತನಿಗೆ 78 ವರ್ಷ. ಮೃದ್ವಂಗಿಗಳ ಬಗ್ಗೆ ಬರೆದ ಕೊನೆಯ ಸಂಪುಟಗಳು ಬಹಳ ಕಾಲ ಚಿಪ್ಪು ಓದುವವರ ಕೈಪಿಡಿಯಾಗಿದ್ದವು. ಸಂಗ್ರಹಾಲಯದಲ್ಲಿ ಆತನ ಬದಲು ಲಾಟ್ರೆಲ್ ಎಂಬ ಕೀಟ ವಿಜ್ಞಾನಿ ಪಾಠ ಮಾಡುತ್ತಿದ್ದ.

1829ರ ಡಿಸೆಂಬರ್ 18ರಂದು, 85ನೆಯ ವಯಸ್ಸಿನಲ್ಲಿ ಲಾಮಾರ್ಕ್ ತೀರಿಕೊಂಡ. ಮನೆಯಲ್ಲಿ ಹಣವಿರಲಿಲ್ಲ. ಪುಸ್ತಕಗಳನ್ನು ಮಾರಬೇಕಾಯಿತು. ಅಂತ್ಯಕ್ರಿಯೆಯ ನಂತರ ಕ್ಯುವಿಯೆ ಬರೆದ ಸ್ಮರಣೆಯ ಲೇಖನ ಹೊಗಳಿಕೆಗಿಂತ ಹೆಚ್ಚು ಗೇಲಿಯಿಂದ ಕೂಡಿತ್ತು. ಜೊತೆಯಲ್ಲಿ ದುಡಿದವನು ಹೀಗೆ ಬರೆಯಬಾರದಿತ್ತು ಎಂದು ನನಗನ್ನಿಸುತ್ತದೆ. 1830ರಲ್ಲಿ ಆತನ ಹುದ್ದೆಯನ್ನು ಇಬ್ಬರಿಗೆ ಹಂಚಿದರು. ಕೀಟಗಳು ಲಾಟ್ರೆಲ್‌ಗೆ, ಮೃದ್ವಂಗಿ ಮೊದಲಾದವು ಬ್ಲೇನ್‌ವಿಲ್ ಎಂಬಾತನಿಗೆ. ಒಬ್ಬ ಹೊತ್ತ ಹೊರೆ ಇಬ್ಬರಿಗಾಯಿತು.

ಲಾಮಾರ್ಕ್ ಜೋಡಿಸಿಟ್ಟದ್ದೆಲ್ಲ ಹಾಗೇ ಉಳಿಯಲಿಲ್ಲ. ಚಕ್ರದಂತೆ ದುಂಡಗಿವೆ ಎಂದು ಆತ ಲೋಳೆಮೀನುಗಳನ್ನೂ ನಕ್ಷತ್ರ ಮೀನುಗಳ ಜೊತೆಗೆ ಇಟ್ಟಿದ್ದ. 1847ರಲ್ಲಿ ಜರ್ಮನಿಯ ಲ್ಯೂಕಾರ್ಟ್ ಎಂಬ ವಿಜ್ಞಾನಿ ಅವುಗಳನ್ನು ಬೇರೆ ಮಾಡಿದ. ಲೋಳೆಮೀನಿಗೆ ನಾಳಪಾದವೂ ಇಲ್ಲ, ಮುಳ್ಳುಚರ್ಮವೂ ಇಲ್ಲ. ಇನ್ನೂ ದೊಡ್ಡ ಅಚ್ಚರಿ ಮೊಟ್ಟೆಯೊಳಗಿನ ಬೆಳವಣಿಗೆ ನೋಡಿದವರಿಗೆ ಕಾದಿತ್ತು. ಲಾಮಾರ್ಕ್ ತನ್ನ ಏಣಿಯಲ್ಲಿ ಮೃದ್ವಂಗಿಗಳನ್ನು ಅಕಶೇರುಕಗಳ ತುತ್ತತುದಿಗೆ, ಬೆನ್ನುಮೂಳೆಯ ಪ್ರಾಣಿಗಳ ಪಕ್ಕಕ್ಕೆ ಇಟ್ಟಿದ್ದ. ನಕ್ಷತ್ರ ಮೀನುಗಳನ್ನು ಏಣಿಯ ಬುಡದ ಹತ್ತಿರ ಇಟ್ಟಿದ್ದ. ಈಗ ತಿಳಿದಿರುವಂತೆ ಭ್ರೂಣದಲ್ಲಿ ಮೊದಲು ಮೂಡುವ ರಂಧ್ರ ನಕ್ಷತ್ರ ಮೀನಿನಲ್ಲೂ ನಮ್ಮಂಥ ಕಶೇರುಕಗಳಲ್ಲೂ ಬಾಯಿಯಾಗುವುದಿಲ್ಲ, ಮಲದ್ವಾರದ ಕಡೆಯಾಗುತ್ತದೆ. ಬಾಯಿ ಆಮೇಲೆ ಬೇರೆ ಕಡೆ ತೆರೆಯುತ್ತದೆ. ನಕ್ಷತ್ರ ಮೀನಿನ ಮರಿಗೆ ಐದು ತೋಳಿಲ್ಲ, ನಮ್ಮಂತೆ ಎಡ ಬಲ ಇದೆ. ಜೀವಿಗಳ ವಂಶವೃಕ್ಷದಲ್ಲಿ ಬಸವನ ಹುಳು ಎರೆಹುಳುವಿನ ಕಡೆಯ ಕೊಂಬೆಯಲ್ಲಿದೆ. ತಲೆಯೇ ಇಲ್ಲದ ನಕ್ಷತ್ರ ಮೀನು ನಾವಿರುವ ಕೊಂಬೆಯಲ್ಲಿದೆ!

1909ರಲ್ಲಿ, ಆತನ ಪುಸ್ತಕ ಬಂದು ನೂರು ವರ್ಷವಾದಾಗ, ಪ್ಯಾರಿಸ್ಸಿನ ಅದೇ ಉದ್ಯಾನದಲ್ಲಿ ಲಾಮಾರ್ಕ್‌ನ ಪ್ರತಿಮೆ ನಿಲ್ಲಿಸಿದರು. ಅದರ ಹಿಂಬದಿಯ ಉಬ್ಬು ಚಿತ್ರದಲ್ಲಿ ಕುರುಡ ತಂದೆಗೆ ಮಗಳು ಸಮಾಧಾನ ಹೇಳುತ್ತಿದ್ದಾಳೆ. ಆತ ಕೂಡಿಟ್ಟ ಚಿಪ್ಪುಗಳು ಕೈಯಿಂದ ಕೈಗೆ ಮಾರಾಟವಾಗಿ ಕೊನೆಗೆ ಸ್ವಿಟ್ಜರ್ಲೆಂಡಿನ ಜಿನೀವಾ ನಗರದ ಸಂಗ್ರಹಾಲಯ ಸೇರಿದವು, ಅಲ್ಲಿ ಸುರಕ್ಷಿತವಾಗಿವೆ. ಆತನನ್ನು ಹೂಳಿದ ಜಾಗವಾದರೋ ಕೆಲವೇ ವರ್ಷಗಳ ಬಾಡಿಗೆಯದು. ಅವಧಿ ಮುಗಿದ ಮೇಲೆ ಅಗೆದು ತೆಗೆದ ಮೂಳೆಗಳು ಎಲ್ಲಿ ಹೋದವೆಂದು ಯಾರಿಗೂ ತಿಳಿಯದು.